ತುಂಬಿದ ಬುಟ್ಟಿ

ದಸರೆ ಮುಗಿದ ವಾರದಲ್ಲಿ ಜೇವರ್ಗಿಯಲ್ಲಿ ಕರೆಂಟ್ ಬಿಲ್ ಕಟ್ಟಲು ಹೋಗಿದ್ದೆ. ಕಿಟಕಿಯ ಒಳಗೆ ಹಳೇ ಕಾಲದ ಪ್ರಿಂಟರ್ ಒಂದು ಕೂತಿತ್ತು, ಸೂಜಿ ಬಡಿದು ಅಕ್ಷರ ಮೂಡಿಸುವಂಥದ್ದು. ಖಂಡೇಪೂಜೆಗೆ ಹಾಕಿದ ಚೆಂಡು ಹೂವಿನ ಮಾಲೆ ಇನ್ನೂ ಅದರ ಕೊರಳಲ್ಲೇ ಇತ್ತು, ಬಾಡಿ ಅಂಚು ಕಪ್ಪಾಗಿತ್ತು. ನನ್ನ ದುಡ್ಡು ತೆಗೆದುಕೊಂಡು ಒಳಗಿನ ಹುಡುಗಿ ಗುಂಡಿ ಒತ್ತಿದಳು. ಕರ್ರ್ ಎಂದು ಪ್ರಿಂಟರಿನ ತಲೆ ಓಡಾಡಿತು. ಬಿಸಿಯಾದ ರಿಬ್ಬನ್ನಿನ ಮಸಿಯ ವಾಸನೆ, ಬಾಡಿದ ಚೆಂಡು ಹೂವಿನ ವಾಸನೆ, ಎರಡೂ ಕೂಡಿಯೇ ಬಂದವು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹಿಂದಿನವರಿಗೆ ಜಾಗ ಬಿಟ್ಟು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತೆ.

ಬೇರೆಯವರಿಗೆ ಆ ವಾಸನೆ ಏನೂ ಅಲ್ಲ. ನನಗೆ ಅದು ಮಿಷಿನ್ ಭಾಯಿ.

ಅವರಿಗೆ ಹೆತ್ತವರು ಇಟ್ಟ ಹೆಸರು ಇತ್ತು, ಹಾಜರಿಯಲ್ಲಿ ದಿನಾ ನಾನೇ ಟೈಪ್ ಮಾಡುತ್ತಿದ್ದೆ. ಆದರೆ ಕರೆಯುವುದು ಮಾತ್ರ ಎಲ್ಲರೂ ಮಿಷಿನ್ ಭಾಯಿ ಅಂತಲೇ. ಆಳಂದದವರು. ತೊಂಬತ್ತರ ಆಸುಪಾಸಿನಲ್ಲಿ, ಅಫಜಲಪುರ ತಾಲೂಕಿನ ಹೊಳೆ ದಂಡೆಯ ಒಂದು ಹಳ್ಳಿಯಲ್ಲಿ ನಮ್ಮದೊಂದು ಸಣ್ಣ ಆಫೀಸಿತ್ತು. ಭೀಮೆಯ ನೀರು ಏರಿತೋ ಇಳಿಯಿತೋ ನೋಡುವುದೇ ಅದರ ಕೆಲಸ. ಮೇಲ್ದಂಡೆಯ ಊರುಗಳಲ್ಲಿ ಅಳತೆಯ ಕಂಬಗಳಿದ್ದವು. ನೀರು ಅಲುಗಾಡಿದಾಗಲೆಲ್ಲ ಅಲ್ಲಿಂದ ವೈರ್‌ಲೆಸ್ಸಿನಲ್ಲಿ ಸುದ್ದಿ ಬರುತ್ತಿತ್ತು. ಆ ಸುದ್ದಿ ಹಿಡಿಯಲು ಸರಕಾರ ಒಂದು ಕಂಪ್ಯೂಟರ್ ಕಳಿಸಿತು, ಅದರ ಹಿಂದೆಯೇ ಭಾಯಿಯನ್ನೂ ಕಳಿಸಿತು. ಕಂಪ್ಯೂಟರ್ ಕಾಯಂ, ಭಾಯಿ ಹಂಗಾಮಿ. ಸರಕಾರದ ಲೆಕ್ಕವೇ ಹಾಗೆ.

ನಾನು ಅಲ್ಲಿ ಟೈಪಿಸ್ಟ್. ಸಾಹೇಬರು ಒಬ್ಬರು. ಜವಾನ ಒಬ್ಬರು, ವಯಸ್ಸಾದವರು, ನಾವು ಅವರನ್ನು ಕಾಕಾ ಅನ್ನುತ್ತಿದ್ದೆವು. ಕಾಕಾನ ಹೆಂಡತಿ ತೀರಿಕೊಂಡಿದ್ದರು. ಆಫೀಸಿನ ಹಿಂದಿನ ಒಂದು ಕೋಣೆಯಲ್ಲಿ ಅವರೂ ಅವರ ಮಗಳೂ ಇದ್ದರು. ಆ ಹುಡುಗಿ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತೆಂದರೆ ನಮಗೆಲ್ಲ ಊಟದ ಹೊತ್ತು ಆಯಿತು ಅಂತ ಗೊತ್ತಾಗುತ್ತಿತ್ತು. ಭಾಯಿಯ ಡಬ್ಬಿಯಲ್ಲಿ ಏನೇ ಇರಲಿ, ಅದನ್ನು ಕಾಕಾಗೆ ಕೊಟ್ಟು ಅವಳ ಬಿಸಿ ರೊಟ್ಟಿಗೆ ಕೈ ಚಾಚುವುದು ಅವರ ರೂಢಿ. ನಾನೂ ಏನು ಕಡಿಮೆ ಇರಲಿಲ್ಲ.

ಭಾಯಿಯಂಥ ಜಿಪುಣರನ್ನು ನಾನು ಮತ್ತೆ ಕಾಣಲಿಲ್ಲ. ಚಹಾ ಕುಡಿಸುವುದರಲ್ಲಿ ಅಲ್ಲ, ಅದರಲ್ಲಿ ಧಾರಾಳಿ. ಕಂಪ್ಯೂಟರಿನ ನೆನಪಿನ ಜಾಗದ ವಿಷಯದಲ್ಲಿ. ಆ ಯಂತ್ರದಲ್ಲಿ ಜಾಗವೆಂಬುದು ಅಷ್ಟೇ ಅಷ್ಟು. ಒಂದು ಅಕ್ಷರ ಹೆಚ್ಚಿಗೆ ಕೂತರೂ ಅವರ ಹೊಟ್ಟೆ ಉರಿಯುತ್ತಿತ್ತು. ಬಂದ ಸುದ್ದಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊತ್ತು ಹಾಕುವುದು ಅವರಿಗೆ ಆಗದು. “ಹೊರೂದ್ಯಾಕ ತಂಗಿ? ಎಲ್ಲಿ ಅದ ಅಂತ ಬೊಟ್ಟು ತೋರಿಸಿದ್ರ ಸಾಕು,” ಅನ್ನುತ್ತಿದ್ದರು. ನನಗೆ ಅರ್ಥವಾಗದೆ ಹೋದರೆ ಅವರಿಗೆ ಸಮಾಧಾನವಿರುತ್ತಿರಲಿಲ್ಲ. ಚಿಕ್ಕವರಿದ್ದಾಗ ಆಳಂದದ ಕಡೆಯ ಮಠದಲ್ಲಿ ಪಂಕ್ತಿಯಲ್ಲಿ ಕೂತು ಉಂಡವರು ಅವರು. ಅದನ್ನೇ ಹಿಡಿದು ಹೇಳುತ್ತಿದ್ದರು. “ಪಂಕ್ತ್ಯಾಗ ಒಬ್ಬ ಉಂಡು ಎದ್ದ ಅಂತ ಎಲ್ಲಾರ್ನೂ ಒಂದೊಂದು ಎಲಿ ಮುಂದ ಸರಸ್ತಾರೇನು? ಇಲ್ಲ. ಬಡಸಾಂವ ನಡೀತಾನ. ದುಂಡಗ ಕುಂದ್ರಸಿದ್ರ ತಿರುಗಿ ಮೊದಲಿನ ಎಲಿಗೇ ಬರ್ತಾನ. ನಂದೂ ಹಂಗೇ.” ಸುದ್ದಿಗಳು ಹಾಗೆ ದುಂಡಗೆ ಕೂತಿರುತ್ತಿದ್ದವು. ಪ್ರಿಂಟರ್ ಒಂದೊಂದನ್ನೇ ಕಾಗದದ ಮೇಲೆ ಇಳಿಸುತ್ತಾ ಹೋಗುತ್ತಿತ್ತು, ಇಳಿಸಿದ ಜಾಗಕ್ಕೆ ಹೊಸದು ಬಂದು ಕೂರುತ್ತಿತ್ತು.

ಅವರು ತಲೆ ಕೆಡಿಸಿಕೊಂಡಿದ್ದು ಒಂದೇ ಪ್ರಶ್ನೆಗೆ. ಪ್ರಿಂಟರ್ ನಿಂತಿತು, ಜಾಗ ತುಂಬಿತು, ಆಗ ಇನ್ನೊಂದು ಸುದ್ದಿ ಬಂತು. ಏನು ಮಾಡಬೇಕು?

ಒಂದು ಮಧ್ಯಾಹ್ನ ಕಾಕಾನ ಕೋಣೆಯ ಮುಂದೆ ಊಟಕ್ಕೆ ಕೂತಿದ್ದೆವು. ಹುಡುಗಿ ಬಡಿದು ಬಡಿದು ಬುಟ್ಟಿಗೆ ಹಾಕುತ್ತಿದ್ದಳು. ಕಾಕಾ ಹಲ್ಲಿಲ್ಲದ ಬಾಯಲ್ಲಿ ನಿಧಾನಕ್ಕೆ ಉಣ್ಣುತ್ತಿದ್ದರು. ಭಾಯಿ ತಟ್ಟನೆ, “ಬುಟ್ಟಿ ತುಂಬಿದ್ರ ಏನ್ ಮಾಡ್ತಿಯವಾ? ಬಡಿಯೂದು ನಿಂದ್ರಸ್ತೀ?” ಅಂದರು.

ಅವಳು ಒಲೆಯಿಂದ ಮುಖ ಎತ್ತದೆಯೇ ಹೇಳಿದಳು. “ಯಾಕ ನಿಂದ್ರಸ್ಲಿ? ತಳದಾಗಿನ ಹಳೇ ರೊಟ್ಟಿ ತಗದು ದನಕ್ಕ ಹಾಕ್ತೇನಿ. ಬಿಸಿದು ಇಡ್ತೇನಿ. ಬಿಸಿದು ಬಿಟ್ಟು ತಂಗಳಾ ಯಾರು ಕಾಯ್ತಾರ್ರಿ ಭಾಯಿ?”

ಭಾಯಿಗೆ ಎಷ್ಟು ಖುಷಿಯಾಯಿತೆಂದರೆ ಅರ್ಧ ಊಟದಲ್ಲಿ ಎದ್ದು ಒಳಗೆ ಹೋದರು. ಕಂಪ್ಯೂಟರಿಗೆ ಹಾಗೇ ಬರೆದರು. ತುಂಬಿದರೆ ಎಲ್ಲಕ್ಕಿಂತ ಹಳೆಯ ಸುದ್ದಿ ಹೋಗಲಿ, ಹೊಸದು ಕೂರಲಿ.

ಸಾಹೇಬರು ಒಪ್ಪಲಿಲ್ಲ. ಅವರು ಕೆಟ್ಟವರೇನಲ್ಲ. ಹಿಂದೆ ಬೇರೆ ಊರಿನಲ್ಲಿ ಅವರ ಕೈಕೆಳಗಿನ ಒಬ್ಬರು, ನೀರಿನ ಅಳತೆಯ ಒಂದು ಸಾಲು ಕಳೆದುಹೋಯಿತೆಂಬ ಕಾರಣಕ್ಕೆ ನೌಕರಿಯಿಂದ ಅಮಾನತಾಗಿದ್ದರಂತೆ. ಆ ಹೆದರಿಕೆ ಅವರ ಮೂಳೆಗೆ ಇಳಿದಿತ್ತು. “ಬಂದದ್ದು ಹೋಗಬಾರ್ದು. ಒಮ್ಮೆ ನಮ್ಮ ಕೈಗೆ ಬಂತಂದ್ರ ಅದು ಸರಕಾರದ್ದು. ಜಾಗ ಇಲ್ಲಂದ್ರ ಹೊಸದು ತಗೋಬ್ಯಾಡ್ರಿ, ಅದು ಇನ್ನಾ ನಮ್ಮ ಕೈಗೆ ಬಂದಿಲ್ಲ,” ಅಂದರು. ಭಾಯಿ ವಾದ ಮಾಡಿದರು. “ಹೊಳಿ ನಿನ್ನಿ ಹೆಂಗಿತ್ತು ಅಂತ ಯಾರು ಕೇಳ್ತಾರ್ರಿ ಸಾಹೇಬ್ರ? ಈಗ ಹೆಂಗದ ಅಂತ ಕೇಳ್ತಾರ.” ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. “ಆಡಿಟ್‌ನವರು ನಿನ್ನೀದೇ ಕೇಳ್ತಾರ,” ಅಂದರು. ಅಲ್ಲಿಗೆ ಮಾತು ಮುಗಿಯಿತು. ಭಾಯಿ ಒಳಗೆ ಹೋಗಿ ಆ ಸಾಲನ್ನು ಬದಲಿಸಿದರು. ತುಂಬಿದರೆ ಬಾಗಿಲು ಹಾಕಿಕೊಳ್ಳುವುದು. ಹಳೆಯದು ಒಳಗೆ, ಹೊಸದು ಹೊರಗೆ.

ಹಂಗಾಮಿ ನೌಕರ ಇನ್ನೇನು ಮಾಡಬೇಕಿತ್ತು? ಈಗಲೂ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಅಂತ ಮಾತ್ರ ಗೊತ್ತಾಗುವುದಿಲ್ಲ.

ಅದಾದ ಬೇಸಿಗೆಯಲ್ಲಿ ಕಾಕಾನ ಮಗಳ ಮದುವೆಯಾಯಿತು. ಹೊಳೆಯ ಆಚೆ ದಂಡೆಯ ಊರು. ಸೇತುವೆ ದೂರ, ಬಸ್ಸಿನಲ್ಲಿ ಸುತ್ತಿಕೊಂಡು ಹೋದರೆ ಇಡೀ ದಿನ ಬೇಕು. ದೋಣಿಯಲ್ಲಿ ಹೋದರೆ ಎಲೆ ಅಡಿಕೆ ಹಾಕಿಕೊಂಡು ಉಗುಳುವಷ್ಟರಲ್ಲಿ ಆಚೆ. ಅವಳು ಹೋದ ಮೇಲೆ ಆಫೀಸಿನ ಹಿಂದೆ ರೊಟ್ಟಿಯ ಸಪ್ಪಳ ನಿಂತಿತು. ಭಾಯಿ ತಮ್ಮ ಡಬ್ಬಿಯನ್ನೇ ಬಿಚ್ಚಿಕೊಂಡು ಸುಮ್ಮನೆ ಉಣ್ಣುತ್ತಿದ್ದರು. ಮೊದಲ ದಸರೆಗೆ ತವರಿಗೆ ಬಂದಳು ನೋಡಿ, ಕಾಕಾ ನೆಲದ ಮೇಲೆ ಕಾಲಿಡಲಿಲ್ಲ.

ಆ ಸಂಭ್ರಮದಲ್ಲೇ ಖಂಡೇಪೂಜೆ ಬಂತು. ನಮ್ಮ ಕಡೆ ಅಂದು ಕುಡಗೋಲು, ಕೂರಿಗೆ, ಹೊಲಿಗೆ ಯಂತ್ರ, ಎಲ್ಲಕ್ಕೂ ಪೂಜೆ, ಎಲ್ಲಕ್ಕೂ ರಜೆ. ಪೂಜೆ ಮಾಡಿ ಇಟ್ಟ ಆಯುಧವನ್ನು ಬನ್ನಿ ಮುಡಿಯುವ ತನಕ ಮುಟ್ಟುವ ಹಾಗಿಲ್ಲ. ಕಾಕಾ ಚೆಂಡು ಹೂವಿನ ಮಾಲೆ ಹಿಡಿದುಕೊಂಡು ಕಂಪ್ಯೂಟರಿನ ಮುಂದೆ ನಿಂತರು. “ಭಾಯಿ, ವರ್ಸಾನಗಟ್ಲೆ ದುಡೀತದ. ಒಂದಿನ ಮಲಗಸ್ರಿ ಪಾಪ.”

ಭಾಯಿ ನಕ್ಕರು. “ಇದನ್ನ ಮಲಗಸಾಕ ಬರಂಗಿಲ್ಲ ಕಾಕಾ, ಸುದ್ದಿ ಹಿಡಿಯಾಕ ಬೇಕು. ಪ್ರಿಂಟರ್ ಮಲಗಸ್ರಿ. ಬುಟ್ಟಿ ದೊಡ್ಡದದ, ಎರಡು ದಿನ ಹಿಡೀತದ.”

ಲೆಕ್ಕ ಹಾಕಿಯೇ ಹೇಳಿದ್ದರು. ಮಳೆ ನಿಂತು ವಾರಗಳಾಗಿದ್ದವು, ಹೊಳೆ ಶಾಂತವಾಗಿತ್ತು. ಅಂಥ ದಿನಗಳಲ್ಲಿ ಬರುವ ಸುದ್ದಿಗೆ ಎರಡು ದಿನವಲ್ಲ, ಮೂರು ದಿನ ಜಾಗವಿತ್ತು. ಕಾಕಾ ಪ್ರಿಂಟರಿನ ಗುಂಡಿ ಆರಿಸಿ, ವಿಭೂತಿ ಹಚ್ಚಿ, ಮಾಲೆ ಹಾಕಿ, ಕಾಯಿ ಒಡೆದರು. ಭಾಯಿಯ ಕೈಗೂ ಒಂದು ಹೋಳು ಕೊಟ್ಟರು. ಅದನ್ನು ಜೇಬಿಗೆ ಹಾಕಿಕೊಂಡು ಭಾಯಿ ರಜೆಗೆಂದು ಚೌಡಾಪುರದ ಮೇಲೆ ಹಾದು ಆಳಂದಕ್ಕೆ ಹೋದರು.

ಮುಂದಿನದನ್ನು ನಾನು ಕಾಗದ ನೋಡಿ, ಮೇಲಿನ ಊರಿನವರನ್ನು ಕೇಳಿ ತಿಳಿದುಕೊಂಡದ್ದು, ಆಮೇಲೆ. ಅಂದು ರಾತ್ರಿ ಮೇಲ್ದಂಡೆಯಲ್ಲಿ ಅಕಾಲದ ಸಣ್ಣ ಮಳೆ ಬಿದ್ದಿದೆ. ಹಳ್ಳಗಳು ಒಂದು ಬೆರಳು ಏರಿವೆ, ಒಂದು ಬೆರಳು ಇಳಿದಿವೆ. ನೀರು ಅಲುಗಾಡಿದಷ್ಟೂ ಕಂಬಗಳು ಸುದ್ದಿ ಕಳಿಸಿವೆ. ಯಾರಿಗೂ ಬೇಡದ, ಏನೂ ಹೇಳದ ಸುದ್ದಿಗಳು ಬಂದು ಬಂದು ದುಂಡಗೆ ಕೂತು, ಬೆಳಗಾಗುವುದರೊಳಗೆ ಪಂಕ್ತಿ ತುಂಬಿಬಿಟ್ಟಿದೆ. ಬಾಗಿಲು ಹಾಕಿಕೊಂಡಿದೆ. ಮೇಲೆ ಎಲ್ಲೋ ಆಣೆಕಟ್ಟಿನ ನೀರು ಬಿಟ್ಟದ್ದು ಆಮೇಲೆ. ಆ ಸುದ್ದಿಯೂ ಬಂದಿದೆ, ಮತ್ತೆ ಮತ್ತೆ ಬಂದಿದೆ… ಒಳಗೆ ಜಾಗವಿರಲಿಲ್ಲ.

ಬನ್ನಿಯ ದಿನ ಮಧ್ಯಾಹ್ನ ಅಳಿಯ ಬಂದು ಹೆಂಡತಿಯನ್ನು ಕರೆದುಕೊಂಡು ಹೊರಟ. ಆಚೆ ಊರಿನವರಿಗೆ ಬನ್ನಿ ಕೊಡಲು ಹೋಗುವವರು ಇನ್ನಷ್ಟು ಜನ ದೋಣಿಯ ಹತ್ತಿರ ಸೇರಿದ್ದರು. ನಾನು ಹುಡುಗಿಯ ಚೀಲ ಹಿಡಿದುಕೊಂಡು ದಂಡೆಯಲ್ಲಿ ನಿಂತಿದ್ದೆ. ಅವಳು ನನ್ನ ಕೈಗೆ ಬನ್ನಿ ಎಲೆ ಇಟ್ಟು, “ಬಂಗಾರ ತಗೋರಿ ಅಕ್ಕಾ, ಬಂಗಾರದಂಗ ಇರೂಣು,” ಅಂದಳು. ಅಂಬಿಗ ಮಾತ್ರ ನೀರಿನ ಬಣ್ಣ ನೋಡಿ ಅನುಮಾನಿಸಿದ. ಸ್ವಲ್ಪ ರಾಡಿ ಇತ್ತು. “ಕಾಕಾ, ಮ್ಯಾಲಿಂದ ಏನರ ಬರಾಕತ್ತದೇನು, ಮಿಷಿನ್ ಕೇಳಿ ಬಾ,” ಅಂದ.

ಕಾಕಾ ಹೋದರು. ಬನ್ನಿ ಮುಡಿದಾಗಿತ್ತು, ಮುಟ್ಟಬಹುದಿತ್ತು. ಮಾಲೆ ಸರಿಸಿ, ಕೈ ಮುಗಿದು, ಪ್ರಿಂಟರ್ ಹಚ್ಚಿದರು. ಅದು ಬಡಿಯತೊಡಗಿತು, ಉದ್ದಕ್ಕೆ ಬಡಿಯಿತು. ನಿಂತಾಗ ಕಾಕಾ ಕೊನೆಯ ಸಾಲು ನೋಡಿದರು. ನಮ್ಮ ಆಫೀಸಿನ ರೂಢಿಯೇ ಅದು. ಕೊನೆಯ ಸಾಲು ಅಂದರೆ ಈಗಿನ ಹೊಳೆ. ಸಾಹೇಬರೂ ಅದನ್ನೇ ನೋಡುವವರು, ನಾನೂ ಅದನ್ನೇ. ಅಂಚಿನಲ್ಲಿ ಸಣ್ಣಗೆ ವೇಳೆ ಅಚ್ಚಾಗುತ್ತಿತ್ತು, ಅದನ್ನು ಯಾರೂ ಎಂದೂ ಓದಿದವರಲ್ಲ. ಕೊನೆಯ ಸಾಲು ತಣ್ಣಗಿತ್ತು. ಕಾಕಾ ಆಫೀಸಿನ ಕಟ್ಟೆಯ ಮೇಲೆ ನಿಂತು ಕೈ ಬೀಸಿದರು. “ಏನೂ ಇಲ್ಲ, ಹೋಗ್ರಿ! ಜ್ವಾಕಿ, ಮಗಳ!”

ದೋಣಿ ಬಿಟ್ಟಿತು.

ಪ್ರಿಂಟರ್ ಖಾಲಿ ಮಾಡಿದ ಜಾಗಕ್ಕೆ ಆಗ ಹೊಸ ಸುದ್ದಿ ಬಂದು ಕೂತಿತು. ಕಾಕಾ ಮಾಲೆಯನ್ನು ಮಡಚಿ ಇಡಲು ಒಳಗೆ ಹೋದಾಗ ಪ್ರಿಂಟರ್ ತಾನಾಗಿಯೇ ಮತ್ತೊಂದು ಸಾಲು ಬಡಿಯಿತು. ಕಾಕಾ ಅದನ್ನು ಓದಿದರು.

ಅವರು ಓಡಿ ಬಂದದ್ದನ್ನು ನಾನು ನೋಡಿದೆ. ಕೈಯಲ್ಲಿ ಆ ಕಾಗದ, ಹರಿದುಕೊಳ್ಳುವಷ್ಟೂ ಪುರಸೊತ್ತಿಲ್ಲದೆ ಎಳೆದುಕೊಂಡು ಬಂದಿದ್ದರು. ಉದ್ದ ಬಾಲ ಹಿಂದೆ ಧೂಳಿನಲ್ಲಿ ಎಳೆಯುತ್ತಿತ್ತು. ದೋಣಿ ನಡು ಹೊಳೆಯಲ್ಲಿತ್ತು. ಮೇಲಿನ ತಿರುವಿನಿಂದ ನೀರು ಬಂತು. ಸಿನಿಮಾದಲ್ಲಿ ತೋರಿಸುವ ಹಾಗೆ ಗೋಡೆಯಂತೆ ಬರಲಿಲ್ಲ. ಹೊಳೆ ಸುಮ್ಮನೆ ಉಬ್ಬಿತು, ಕಸಕಡ್ಡಿ ಹೊತ್ತುಕೊಂಡು, ಸಪ್ಪಳವಿಲ್ಲದೆ… ದೋಣಿ ಅಡ್ಡ ತಿರುಗಿತು. ಈಜು ಬಂದವರು ದಂಡೆ ಮುಟ್ಟಿದರು. ಅಳಿಯ ಮುಟ್ಟಿದ. ಅವಳು ಮುಟ್ಟಲಿಲ್ಲ. ನನ್ನ ಕೈಯಲ್ಲಿ ಬನ್ನಿ ಎಲೆ ಹಾಗೇ ಇತ್ತು.

ಮರುದಿನ ಭಾಯಿ ಬಂದರು. ನೆಲದ ಮೇಲೆ ಕೂತು, ಧೂಳು ಹಿಡಿದ ಆ ಕಾಗದವನ್ನು ತೊಡೆಯ ಮೇಲೆ ಹರವಿಕೊಂಡು, ಅಂಚಿನ ವೇಳೆಯ ಮೇಲೆ ಬೆರಳಿಟ್ಟು ಕೆಳಗೆ ಕೆಳಗೆ ಬಂದರು. ಒಂದು ಕಡೆ ಬೆರಳು ನಿಂತಿತು. ಬೆಳಗಿನ ಜಾವದ ಒಂದು ಸಾಲು, ಕಾಕಾ ಓದಿದ್ದು ಅದೇ, ಅದರ ಕೆಳಗೇ ಇಳಿಹೊತ್ತಿನ ಒಂದು ಸಾಲು. ನಡುವೆ ಏನೂ ಇಲ್ಲ. ಅವರ ಬೆರಳು ಆ ಖಾಲಿ ಜಾಗವನ್ನು ಉಜ್ಜುತ್ತಲೇ ಇತ್ತು, ಏನೋ ಅಂಟಿಕೊಂಡಿದೆ ಎಂಬ ಹಾಗೆ.

ವಿಚಾರಣೆಗೆ ದೊಡ್ಡವರು ಬಂದರು. ಅಷ್ಟರೊಳಗೆ ಒಂದು ಮಾತು ತಾನಾಗಿಯೇ ಹುಟ್ಟಿಕೊಂಡಿತ್ತು. ಜವಾನನಿಗೆ ವಯಸ್ಸಾಗಿದೆ, ಕಣ್ಣು ಸರಿಯಿಲ್ಲ, ಅಂಕಿ ತಪ್ಪು ಓದಿದ ಅಂತ. ಯಾರು ಹುಟ್ಟಿಸಿದರು ಅಂತ ಕೇಳಬೇಡಿ. ಕಾಕಾ ಕೂಡ ಅದನ್ನೇ ನಂಬಿದ್ದರು. “ನಾನಽ ತಪ್ಪು ಓದೇನಿ. ನನ್ನ ಕಣ್ಣು ಸುಡ್ಲಿ,” ಅನ್ನುತ್ತಾ ಹಣೆ ಬಡಿದುಕೊಳ್ಳುತ್ತಿದ್ದರು. ಸಾಹೇಬರು ಭಾಯಿಯನ್ನು ಪಡಸಾಲೆಗೆ ಕರೆದು ಮೆಲ್ಲಗೆ ಹೇಳಿದ್ದು ನನ್ನ ಟೈಪಿಂಗ್ ಮೇಜಿಗೆ ಕೇಳಿಸಿತು. “ನೀವು ಸುಮ್ನಿರ್ರಿ. ಮುದುಕಗ ಹ್ಯಾಂಗೂ ಪೆನ್ಶನ್ ಹೊತ್ತು ಬಂದದ. ನಿಮಗ ಸಣ್ಣ ಸಣ್ಣ ಮಕ್ಕಳವ.”

ಭಾಯಿ ಒಳಗೆ ಹೋಗಿ, ಕರೆಯುವ ಮೊದಲೇ ಹೇಳಿಬಿಟ್ಟರು. “ಅವರು ಓದಿದ್ದು ಬರೋಬ್ಬರಿ ಅದರೀ. ಅಂಕಿ ಬರೋಬ್ಬರಿ, ಕಣ್ಣು ಬರೋಬ್ಬರಿ. ಹೊಸ ಸುದ್ದಿ ಒಳಗ ಬರಲಾರದಂಗ ಬಾಗಲಾ ಹಾಕಿದಾಂವ ನಾ.” ಯಾರು ಹಾಕಿಸಿದರು ಅನ್ನುವುದನ್ನು ಹೇಳಲಿಲ್ಲ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಹೊರಗೆ ಬಂದ ಮೇಲೆ ಭಾಯಿಯ ಮೇಲೆ ನಾನು ಹರಿಹಾಯ್ದೆ. ಸಾಹೇಬರ ಹೆಸರು ಹೇಳಲು ನಿಮಗೇನು ಧಾಡಿಯಾಗಿತ್ತು ಅಂತ ಕೂಗಾಡಿದೆ. ಅವರು ಶಾಂತವಾಗಿ ಅಂದರು: “ಹೇಳಿದವರು ಅವರು, ಖರೇ. ಬರದಾಂವ ನಾ, ತಂಗಿ. ಆ ಹುಡುಗಿ ನನಗ ಖರೇ ಉತ್ತರ ಕೊಟ್ಟಿದ್ದಳು.”

ಭಾಯಿಯ ಕೆಲಸ ಹೋಯಿತು. ಹಂಗಾಮಿಯನ್ನು ತೆಗೆಯಲು ದೊಡ್ಡ ಕಾರಣ ಬೇಕಿರಲಿಲ್ಲ. ಹೋಗುವ ಮುನ್ನ ಕಾಕಾನ ಕೋಣೆಯ ಬಾಗಿಲಿಗೆ ಹೋಗಿ, “ನೀವು ತಪ್ಪು ಓದಿಲ್ಲ ಕಾಕಾ,” ಅಂದರು. ಅದರಿಂದ ಮುದುಕನಿಗೆ ನೆಮ್ಮದಿಯಾಗುತ್ತದೆ ಅಂದುಕೊಂಡಿದ್ದರೋ ಏನೋ. ತನ್ನನ್ನೇ ಬಡಿದುಕೊಳ್ಳುತ್ತಿದ್ದ ಕಾಕಾನ ಕೈ ಅಲ್ಲಿಗೆ ನಿಂತಿತು. ಅವರು ಭಾಯಿಯ ಮುಖ ನೋಡಿದರು. ಆಮೇಲೆ ಬಾಗಿಲು ಹಾಕಿಕೊಂಡರು.

ಆಳಂದಕ್ಕೆ ಹೋಗಿ ಭಾಯಿ ರೇಡಿಯೋ ರಿಪೇರಿಗೆ ಕೂತರು. ಕಂಪ್ಯೂಟರ್ ಮುಟ್ಟಲಿಲ್ಲ ಅಂತ ಕೇಳಿದೆ. ಆದರೆ ಪ್ರತಿ ವರ್ಷ ಬನ್ನಿಯ ದಿನ ಬಸ್ಸು ಹತ್ತಿ ಬರುತ್ತಿದ್ದರು. ಕೈಯಲ್ಲಿ ಬನ್ನಿ ಎಲೆ ಹಿಡಿದು ಕಾಕಾನ ಹೊಸ್ತಿಲ ಹೊರಗೆ ನಿಲ್ಲುತ್ತಿದ್ದರು. ಕಾಕಾ ಒಳಗಿನಿಂದ ಏಳುತ್ತಿರಲಿಲ್ಲ. ಎಲೆಯನ್ನು ಕಟ್ಟೆಯ ಮೇಲೆ ಇಟ್ಟು ನನ್ನ ಕಡೆ ಒಮ್ಮೆ ನೋಡಿ ಹೋಗಿಬಿಡುತ್ತಿದ್ದರು. ವರ್ಷ ವರ್ಷಕ್ಕೆ ತೆಳ್ಳಗಾಗುತ್ತಾ ಬಂದರು. ಕಾಕಾಗೆ ಪೆನ್ಶನ್ ಆದ ಮೇಲೆ ಊರೊಳಗಿನ ಮನೆಗೆ ಹೋದರು, ಭಾಯಿ ಅಲ್ಲಿಗೂ ಹುಡುಕಿಕೊಂಡು ಬಂದರು. “ಏನ್ ಹಟರೀ ಕಾಕಾ ನಿಮ್ದು, ಒಂದು ಎಲಿ ತಗೊಂಡ್ರ ಏನಾಗ್ತದ?” ಅಂತ ನಾನು ಒಮ್ಮೆ ಬೈದೆ. “ತಗೊಂಡ್ರ ಮುಗೀತದವಾ. ಮುಗೀಬಾರ್ದು,” ಅಂದರು ಕಾಕಾ.

ಒಂದು ವರ್ಷ ಭಾಯಿ ಬರಲಿಲ್ಲ.

ಕಾಕಾ ಸಂಜೆಯ ತನಕ ಕಟ್ಟೆಯ ಮೇಲೆಯೇ ಕೂತಿದ್ದರು. ಕೊನೆಯ ಬಸ್ಸು ಬಂದು ಹೋಯಿತು. ಮರುದಿನ ಮುಂಜಾನೆ ನನ್ನ ಬಾಗಿಲಿಗೆ ಬಂದರು, ಧೋತರದ ಸೆರಗಿನಲ್ಲಿ ಬನ್ನಿ ಎಲೆ ಕಟ್ಟಿಕೊಂಡು. “ಆಳಂದಕ್ಕ ಹೋಗೂಣು ನಡೀ. ನನಗ ಮನಿ ಗೊತ್ತಿಲ್ಲ.”

ಮನೆಯಲ್ಲಿ ಭಾಯಿಯ ಹೆಂಡತಿ ಇದ್ದರು. ನಮ್ಮನ್ನು ನೋಡಿ ಯಾರು ಅಂತ ಕೇಳಲಿಲ್ಲ, ಗುರುತು ಹಿಡಿದರು. ಮಳೆಗಾಲದಲ್ಲೇ ತೀರಿಕೊಂಡರಂತೆ, ಎದೆಯ ಬೇನೆ. ನಮಗೆ ಹೇಳಿಕಳಿಸುವವರು ಯಾರಿದ್ದರು? ಅವರ ದೊಡ್ಡ ಮಗ ನಮ್ಮನ್ನು ಊರ ಹೊರಗಿನ ಗೋರಿಗಳ ಕಡೆ ಕರೆದುಕೊಂಡು ಹೋಗಿ ಒಂದು ಮಣ್ಣಿನ ದಿಬ್ಬ ತೋರಿಸಿದ. ಅದರ ಮೇಲೆ ಹುಲ್ಲು ಬಂದಿತ್ತು. ಕಾಕಾ ಮೊಣಕಾಲೂರಿ ಕೂತು ಸೆರಗು ಬಿಚ್ಚಿದರು. ಎಲೆಯನ್ನು ಹುಲ್ಲಿನ ಮೇಲೆ ಇಟ್ಟರು. “ಬಂಗಾರ ತಗೋ ಭಾಯಿ,” ಅಂದರು. ಅದರ ಮುಂದಿನ ಮಾತು ಎಲ್ಲರಿಗೂ ಗೊತ್ತಿರುವುದೇ, ಮಕ್ಕಳೂ ಹೇಳುತ್ತವೆ. ಕಾಕಾಗೆ ಅದು ಬಾಯಿಂದ ಹೊರಡಲಿಲ್ಲ. ನಾನೂ ಹೇಳಲಿಲ್ಲ. ಸತ್ತವರಿಗೆ ಬಂಗಾರದ ಹಾಗೆ ಇರು ಅಂತ ಹೇಗೆ ಹೇಳುವುದು?

ಕಾಕಾ ಮುಂದಿನ ದಸರೆ ಕಾಣಲಿಲ್ಲ.

“ಅಮ್ಮಾ, ನಿಮ್ಮ ಬಿಲ್ ಆಯ್ತು ನೋಡ್ರಿ, ಅಲ್ಲೇ ಕುಂತ್ರಲ್ಲ,” ಅಂತ ಕಿಟಕಿಯ ಹುಡುಗಿ ಕರೆದಳು. ಎದ್ದು ಹೋಗಿ ಚೀಟಿ ತೆಗೆದುಕೊಂಡೆ. ನನ್ನ ಕಣ್ಣು ಅಂಚಿನ ವೇಳೆಯ ಕಡೆಗೇ ಮೊದಲು ಹೋಯಿತು, ಈಗ ಎಲ್ಲ ಕಾಗದದಲ್ಲೂ ಹಾಗೇ. ವೇಳೆ ಸರಿಯಾಗಿಯೇ ಇತ್ತು. “ಆ ಮಾಲೆ ತಗದುಬಿಡವಾ, ಬಾಡ್ಯದ,” ಅಂದೆ. ಅವಳು ನಕ್ಕು ತೆಗೆದು ಬುಟ್ಟಿಗೆ ಹಾಕಿದಳು.

ಮನೆಗೆ ಬರುವಾಗ ದಾರಿಯುದ್ದಕ್ಕೂ ಆ ವಾಸನೆ ಕೈಯಲ್ಲೇ ಇತ್ತು. ವಯಸ್ಸಾಯಿತು, ನಿನ್ನೆ ಬಂದು ಹೋದವರ ಹೆಸರು ನನಗೆ ಇವತ್ತು ನೆನಪಿರುವುದಿಲ್ಲ. ಮೊಮ್ಮಕ್ಕಳು ಹೇಳಿದ ಮಾತು ಒಳಗೆ ನಿಲ್ಲುವುದಿಲ್ಲ, ಅಜ್ಜಿಗೆ ಏನೂ ತಲೆಗೆ ಹೋಗೋದಿಲ್ಲ ಅಂತ ನಗುತ್ತವೆ. ತುಂಬಿದರೆ ಹಳೆಯದನ್ನು ತೆಗೆದು ಹೊಸದನ್ನು ಇಡಬೇಕು ಅಂತ ಆ ಹುಡುಗಿ ಎಷ್ಟು ಸಲೀಸಾಗಿ ಹೇಳಿದ್ದಳು. ನನ್ನ ಬುಟ್ಟಿಯ ತಳದಲ್ಲಿ ಅವಳಿದ್ದಾಳೆ, ಕಾಕಾ ಇದ್ದಾರೆ, ಕಾಗದದ ಆ ಖಾಲಿ ಜಾಗ ಉಜ್ಜುತ್ತಾ ಭಾಯಿ ಕೂತಿದ್ದಾರೆ. ತೆಗೆಯಲು ಕೈ ಬರುವುದಿಲ್ಲ.